ಹಳ್ಳದ ಗಪ್ಪಿ ಏಕೆ ಮಂಕು?

ಶಿರಸಿಯ ನಿಮ್ಮ ತೋಟದ ಬಾವಿಯಲ್ಲಿ ಸೊಳ್ಳೆಮರಿ ತಿನ್ನುವ ಪುಟ್ಟ ಗಪ್ಪಿ ಮೀನುಗಳಿಗೆ ಬಣ್ಣವಿದೆ, ಹಳ್ಳಕ್ಕೆ ಬಿಟ್ಟವುಗಳ ಸಂತತಿ ಮಂಕು, ನೀರು ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಮೊದಲು ಹಳ್ಳದಲ್ಲಿ ದೊಡ್ಡ ಮೀನುಗಳಿವೆಯೇ ನೋಡಿ.

ಗಪ್ಪಿಯ ತವರಾದ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ ಜಲಪಾತಗಳ ಕೆಳಗೆ ಬೇಟೆಗಾರ ಮೀನುಗಳು ಹೆಚ್ಚು. ಬಣ್ಣದಿಂದ ಎದ್ದು ಕಾಣುವವು ಬೇಗ ಬೇಟೆಯಾಗುವುದರಿಂದ ಅಲ್ಲಿನ ಗಂಡುಗಳು ಮಂಕು; ಹೆಣ್ಣುಗಳು ಬೇಗ ಪ್ರಾಯಕ್ಕೆ ಬಂದು ಸಣ್ಣ ಮರಿಗಳನ್ನು ಹೆಚ್ಚು ಹಾಕುತ್ತವೆ. ಆ ಬೇಟೆಗಾರರು ಏರಲಾಗದ ಮೇಲಿನ ತೊರೆಗಳಲ್ಲಿ ಬಣ್ಣ ಢಾಳು. 1976ರಲ್ಲಿ ಜೀವವಿಜ್ಞಾನಿ ಜಾನ್ ಎಂಡ್ಲರ್ ಕೆಳಗಿನ ಗಪ್ಪಿಗಳನ್ನು ಅಂಥ ತೊರೆಯೊಂದಕ್ಕೆ ಬಿಟ್ಟರು. ಎರಡೇ ವರ್ಷಗಳಲ್ಲಿ ಗಂಡುಗಳ ಬಣ್ಣ ಹೆಚ್ಚಿತ್ತು. ಎಷ್ಟು ಬೇಗ, ನೋಡಿ!

ನೆರಳೂ ಮುಖ್ಯ. ದಟ್ಟ ಮರಗಳಡಿ ಪಾಚಿ ಕಡಿಮೆ. ಕಿತ್ತಳೆ ಬಣ್ಣಕ್ಕೆ ಬೇಕಾದ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯ ಹೆಚ್ಚಾಗಿ ಪಾಚಿಯಿಂದಲೇ ಬರುತ್ತದೆ.

ದಯವಿಟ್ಟು ಇನ್ನು ಗಪ್ಪಿಗಳನ್ನು ಹಳ್ಳಕ್ಕೆ ಬಿಡಬೇಡಿ. ಸೊಳ್ಳೆಮರಿ ತಿನ್ನುವ ನಮ್ಮದೇ ಸಣ್ಣ ಮೀನುಗಳು ಅಲ್ಲಿವೆ.