ನಾನು ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುತ್ತೇನೆ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿ ಸೂಚನೆಯ ಹಾಳೆ ಓದುವುದೇ ಇಲ್ಲ. ಈ ಸೋಮಾರಿತನ ಬಿಡಿಸುವುದು ಹೇಗೆ? ಮ್ಯಾನೇಜರ್‌ಗೆ ದೂರು ಕೊಡಲೇ? ಇಷ್ಟು ಶ್ರೀಮಂತ ದೇಶದಲ್ಲಿ ಓದು ಬಾರದವರು ಇರ್ತಾರಾ?

ಅದು ಸೋಮಾರಿತನ ಅಲ್ಲ. ಅವರಿಗೆ ಓದೋಕೆ ಕಷ್ಟ ಇರಬೇಕು.

ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಕಡೆಯ ಒಂದು ಗೋದಾಮಿನಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ಐವತ್ತು ದಾಟಿದ ಫೋರ್ಕ್‌ಲಿಫ್ಟ್ ಚಾಲಕರೊಬ್ಬರಿದ್ದರು. ಅಲ್ಲಿಯವರೇ, ಮನೆಮಾತೇ ಇಂಗ್ಲಿಷ್. ಯಾವ ಸಾಮಾನು ಯಾವ ಸಾಲಿನಲ್ಲಿದೆ ಅಂತ ಬಾಯಲ್ಲೇ ಹೇಳುತ್ತಿದ್ದರು. ಹಾಳೆ ಕೊಟ್ಟರೆ ಮಾತ್ರ ‘ಕನ್ನಡಕ ಮರೆತೆ’ ಎಂದು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮರುದಿನ ಸಹಿ ಮಾಡಿ ತರುತ್ತಿದ್ದರು.

ಒಂದು ಬೆಳಿಗ್ಗೆ ಹೊಸ ಸುರಕ್ಷತಾ ನಿಯಮಗಳು ಬಂದವು. ಎಲ್ಲರೆದುರು ಓದಿ ಅಂತ ಅವರ ಕೈಗೇ ಕೊಟ್ಟೆ. ಹಿರಿಯರು, ಗೌರವ ಕೊಟ್ಟಂತಾಗುತ್ತದೆ ಅಂದುಕೊಂಡಿದ್ದೆ. ನಾನೇ ಓದಿದ್ದರೆ ಎರಡು ನಿಮಿಷದ ಕೆಲಸ. ಹೆಬ್ಬೆರಳನ್ನು ಮೊದಲ ಸಾಲಿನ ಕೆಳಗೆ ಒತ್ತಿ ಹಿಡಿದು ಒಂದು ಪದ ಹೇಳಿದರು, ಮುಂದಿನದಕ್ಕೆ ತಡವರಿಸಿದರು. ಆಗಲಾದರೂ ಹಾಳೆ ವಾಪಸ್ ತೆಗೆದುಕೊಳ್ಳಬೇಕಿತ್ತು. ‘ಪರವಾಗಿಲ್ಲ, ನಿಧಾನವಾಗಿ ಓದಿ’ ಅಂದೆ. ಸಮಾಧಾನಕ್ಕೆ ಹೇಳಿದ ಆ ಮಾತಿನಿಂದಲೇ, ಅಲ್ಲಿವರೆಗೆ ಗೊತ್ತಿರದಿದ್ದವರಿಗೂ ಗೊತ್ತಾಗಿಹೋಯಿತು. ಹಿಂದೆ ಯಾರೋ ನಕ್ಕರು. ಊಟದ ಹೊತ್ತಿಗೆ ಬ್ಯಾಡ್ಜ್ ನನ್ನ ಮೇಜಿನ ಮೇಲಿಟ್ಟು ಹೊರಟುಹೋದರು. ಎಷ್ಟು ಫೋನ್ ಮಾಡಿದರೂ ಎತ್ತಲಿಲ್ಲ. ಅಂಥ ಕೆಲಸಗಾರ ನಮಗೆ ಮತ್ತೆ ಸಿಗಲಿಲ್ಲ.

‘ಇಷ್ಟು ಶ್ರೀಮಂತ ದೇಶದಲ್ಲಿ ಓದು ಬಾರದವರು ಇರ್ತಾರಾ’ ಅಂತಲೂ ಕೇಳಿದ್ದೀರಿ. ದೊಡ್ಡವರ ಓದಿನಂಥ ಕೌಶಲ ಅಳೆಯುವ ಪಿಯಾಕ್ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ 2023ರಲ್ಲಿ ಅಮೆರಿಕದ ವಯಸ್ಕರಲ್ಲಿ ಶೇ. 28ರಷ್ಟು ಮಂದಿ ಓದಿನ ಮೊದಲ ಹಂತದಲ್ಲಿ ಅಥವಾ ಅದಕ್ಕೂ ಕೆಳಗಿದ್ದರು. ಇವರಲ್ಲಿ ಹೆಚ್ಚಿನವರಿಗೆ ಅಕ್ಷರ ಗೊತ್ತು, ಚಿಕ್ಕ ವಾಕ್ಯ ಓದುತ್ತಾರೆ. ಪುಟ ತುಂಬ ನಿಯಮ ಇದ್ದರೆ ಕೈಚೆಲ್ಲುತ್ತಾರೆ. ಎಲ್ಲರೂ ವಲಸೆ ಬಂದವರೂ ಅಲ್ಲ. ಇದೇ ಸಮೀಕ್ಷೆಯ 2012–14ರ ಸುತ್ತಿನಲ್ಲಿ ಓದು ಕಡಿಮೆ ಇದ್ದವರ ಪೈಕಿ ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದವರು. ಡಿಸ್ಲೆಕ್ಸಿಯಾ, ಅಂದರೆ ಪದಗಳನ್ನು ಗುರುತಿಸಿ ಓದಲು ಕಷ್ಟವಾಗುವ ತೊಂದರೆ, ಇದ್ದದ್ದನ್ನು ಶಾಲೆಯಲ್ಲಿ ಯಾರೂ ಗಮನಿಸದೆ ಸುಮ್ನೆ ಮುಂದಿನ ತರಗತಿಗೆ ದಾಟಿಸಿದವರೂ ಇರುತ್ತಾರೆ.

ಮ್ಯಾನೇಜರ್‌ಗೆ ದೂರು ಕೊಡುವ ಯೋಚನೆ ಬಿಟ್ಟುಬಿಡಿ. ಮುಖ್ಯವಾದದ್ದನ್ನು ಬಾಯಲ್ಲೇ ಹೇಳಿ, ಇಡೀ ತಂಡಕ್ಕೆ ಹೇಳಿ. ಅವರೊಬ್ಬರಿಗೇ ಹೇಳಿದರೆ ಬೊಟ್ಟು ಮಾಡಿ ತೋರಿಸಿದಂತೆ ಅಲ್ವಾ? ನೀವೂ ಕ್ಯಾಲಿಫೋರ್ನಿಯಾದಲ್ಲೇ ಇದ್ದೀರಿ. ಅಲ್ಲಿನ ಸಾರ್ವಜನಿಕ ಲೈಬ್ರರಿಗಳಲ್ಲಿ 1984ರಿಂದಲೂ ದೊಡ್ಡವರಿಗೆ ಓದು ಕಲಿಸುವ ಉಚಿತ ಕಾರ್ಯಕ್ರಮ ನಡೆಯುತ್ತಿದೆ. ಸ್ವಯಂಸೇವಕರು ಒಬ್ಬರಿಗೊಬ್ಬರಂತೆ ಕೂತು ಕಲಿಸುತ್ತಾರೆ. ಮೊದಲು ನೀವೇ ಹೋಗಿ ವಿಚಾರಿಸಿ. ಆ ಸಹೋದ್ಯೋಗಿ ತಾವಾಗಿ ಬಾಯಿಬಿಟ್ಟ ದಿನ ಹೇಳಿ, ಅಲ್ಲಿಯವರೆಗೆ ಬೇಡ.