ಗುಂಡಿ ಒತ್ತಿದರೂ ಓಡದ ಹಿಮ ಎಸೆಯುವ ಯಂತ್ರ

ಪ್ರಶ್ನೆ: ವೈರ್‌ನಿಂದ ನಡೆಯುವ ನಮ್ಮ ಹಿಮ ಎಸೆಯುವ ಯಂತ್ರ ಒಮ್ಮೆ ಚಾಲೂ ಆಗುತ್ತದೆ, ಒಮ್ಮೆ ಇಲ್ಲ. ಸ್ವಿಚ್ ಕೆಟ್ಟಿದೆಯೇ? ಮನೆಯಲ್ಲೇ ಬದಲಿಸಬಹುದೇ?

ಉತ್ತರ: ಬದಲಿಸಬಹುದು. ಆದರೆ ಸ್ವಿಚ್ಚನ್ನೇ ದೂರುವ ಮೊದಲು ಬೇರೆ ಸಾಕೆಟ್, ಬೇರೆ ಎಕ್ಸ್‌ಟೆನ್ಷನ್ ವೈರ್ ಹಾಕಿ ನೋಡಿ. ಎಷ್ಟೋ ದೂರುಗಳು ಅಲ್ಲೇ ಮುಗಿಯುತ್ತವೆ.

ಮುಂದಿನದೆಲ್ಲ ಪ್ಲಗ್ ಕಿತ್ತ ಮೇಲೆಯೇ. ಹಿಡಿಕೆಯ ಮೇಲಿನ ಸ್ವಿಚ್ ಡಬ್ಬಿಯ ಸ್ಕ್ರೂ ಬಿಚ್ಚಿ. ಒಳಗಿನ ಸಣ್ಣ ಸ್ಪ್ರಿಂಗ್ ಹಾರಿಹೋಗದಂತೆ ನಿಧಾನವಾಗಿ ತೆರೆಯಿರಿ. ಯಾವ ವೈರ್ ಯಾವ ಟರ್ಮಿನಲ್‌ಗೆ (ವೈರ್ ಕೂಡಿಸುವ ಜಾಗಕ್ಕೆ) ಎಂದು ಫೋಟೋ ತೆಗೆದುಕೊಂಡು, ಸ್ವಿಚ್‌ನ ವೈರ್‌ಗಳನ್ನು ಕಳಚಿ. ಮಲ್ಟಿಮೀಟರನ್ನು ಓಮ್ಸ್‌ಗಿಟ್ಟು (ಕರೆಂಟಿಗೆ ಎಷ್ಟು ತಡೆ ಇದೆ ಎಂದು ತೋರಿಸುವ ಅಳತೆ) ಅಳೆಯಿರಿ: ಒತ್ತಿದಾಗ ಸೊನ್ನೆಯ ಹತ್ತಿರ, ಬಿಟ್ಟಾಗ ಸಂಪರ್ಕವೇ ಇಲ್ಲ ಎಂದು ತೋರಿಸಬೇಕು. ಒತ್ತಿದಾಗ ಅಂಕಿ ಕುಣಿದರೆ ಒಳಗಿನ ಸಂಪರ್ಕಬಿಂದು ಸುಟ್ಟಿರಬಹುದು. ಸ್ಥಿರವಾಗಿದ್ದರೆ ಮೋಟರ್‌ನ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಪರೀಕ್ಷಿಸಿ.

ಹೊಸ ಸ್ವಿಚ್‌ನ ವೋಲ್ಟ್, ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇರಬಾರದು. ಮೋಟರ್‌ಗೆ ತಕ್ಕದ್ದೇ ಬೇಕು. ಶುರುವಾಗುವ ಕ್ಷಣ ಮೋಟರ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ದೀಪದ ಸ್ವಿಚ್ ತಡೆಯದು. ಕೈ ಬಿಟ್ಟ ಕೂಡಲೇ ನಿಲ್ಲುವಂಥದ್ದೇ ಆಗಿರಲಿ. ಸ್ವಿಚ್ಚನ್ನು ಬಿಟ್ಟು ವೈರ್‌ಗಳನ್ನೇ ನೇರ ಜೋಡಿಸಿ ಕೆಲಸ ಸಾಗಿಸುವುದು ಬೆರಳಿಗೆ ಕುತ್ತು.

ಸಡಿಲವಾದ ಟರ್ಮಿನಲ್ ಕ್ಲಿಪ್ಪೇ ಬಿಸಿಯಾಗಿ ಪ್ಲಾಸ್ಟಿಕ್ ಕರಗಿಸುವುದು. ಕಪ್ಪಾದ ಕ್ಲಿಪ್ ಕತ್ತರಿಸಿ ಹೊಸದನ್ನು ಕ್ರಿಂಪ್ ಮಾಡಿ (ಇಕ್ಕಳದಿಂದ ವೈರ್‌ಗೆ ಒತ್ತಿ ಬಿಗಿ ಮಾಡಿ). ವೈರ್ ಹಿಡಿಯುವ ಕ್ಲಾಂಪ್, ನೀರು ತಡೆಯುವ ರಬ್ಬರ್ ಮುಚ್ಚಳ ಮರೆಯಬೇಡಿ. ತೆಳು ಎಕ್ಸ್‌ಟೆನ್ಷನ್ ವೈರನ್ನೂ ಬದಲಿಸಿ. ಅದರಲ್ಲಿ ವೋಲ್ಟೇಜ್ ಇಳಿದು ಮೋಟರ್ ತಿಣುಕಿದರೆ ಹೊಸ ಸ್ವಿಚ್ಚೂ ಸುಟ್ಟೀತು.