ಟಿಬಿ ಮೊದಲೋ, ಶುಗರ್ ಮೊದಲೋ?

ಓದುಗರ ಪತ್ರ: "ನಮ್ಮ ಯಜಮಾನರಿಗೆ 52 ವರ್ಷ. ಎಂಟು ವರ್ಷದಿಂದ ಶುಗರ್ ಇದೆ, ಜೊತೆಗೆ ಬಿಪಿ. ಮಳೆಗಾಲದಲ್ಲಿ ಹಿಡಿದ ಕೆಮ್ಮು ದೀಪಾವಳಿ ಕಳೆದರೂ ಬಿಡಲಿಲ್ಲ. ಕಫ ಪರೀಕ್ಷೆ ಮಾಡಿಸಿದಾಗ ಟಿಬಿ ಅಂತ ಬಂತು. ಮಾತ್ರೆ ಶುರುವಾಗಿ ಒಂದು ತಿಂಗಳಾಯಿತು. ಶುಗರ್ ಮಾತ್ರೆಯನ್ನೂ ತಪ್ಪಿಸಿಲ್ಲ, ಆದರೂ ಶುಗರ್ ಮೊದಲಿಗಿಂತ ಜಾಸ್ತಿಯಾಗಿದೆ. ಟಿಬಿಯವರು ಚೆನ್ನಾಗಿ ತಿನ್ನಿ ಅನ್ನುತ್ತಾರೆ, ಶುಗರ್ ಡಾಕ್ಟರು ಬಾಯಿ ಕಟ್ಟಿ ಅನ್ನುತ್ತಾರೆ. ಪಕ್ಕದ ಮನೆಯವರು, ಇಷ್ಟು ಮಾತ್ರೆ ನುಂಗಿದರೆ ಲಿವರ್ ಹೋಗುತ್ತದೆ, ಮೊದಲು ಟಿಬಿ ಮುಗಿಸಿ ಆಮೇಲೆ ಶುಗರ್ ನೋಡಿಕೊಳ್ಳಿ ಅಂತಾರೆ. ಎಚ್‌ಐವಿ ಪರೀಕ್ಷೆ ಬೇರೆ ಮಾಡಿಸಿದರು, ಅದು ಇವರ ಮನಸ್ಸಿಗೆ ಹತ್ತಿದೆ. ಏನು ಮಾಡುವುದು? ಹೆಸರು ಹಾಕಬೇಡಿ." — ಹೊಸನಗರ ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ, ನಿಶ್ಚಿಂತೆಯಿಂದಿರಿ. ಪತ್ರದ ಜೊತೆ ಔಷಧಿ ಚೀಟಿಯ ಫೋಟೋ ಕಳಿಸಿ 'ಡೋಸ್ ಸರಿ ಇದೆಯಾ' ಅಂತಲೂ ಕೇಳಿದ್ದೀರಿ. ನಾನು ಡಾಕ್ಟರಲ್ಲ, ಡೋಸ್ ಹೇಳುವುದು ನನ್ನ ಕೆಲಸವಲ್ಲ. ಆದರೆ ಯಾವ ಪ್ರಶ್ನೆಯನ್ನು ಯಾರ ಮುಂದೆ ಇಡಬೇಕು ಅನ್ನುವುದನ್ನು ಹೇಳಬಲ್ಲೆ.

ಮೊದಲು ಪಕ್ಕದ ಮನೆಯವರ ಸಲಹೆ. ಅದನ್ನು ಕೇಳಲೇಬೇಡಿ. ಟಿಬಿ ಮತ್ತು ಶುಗರ್ ಸರದಿಯಲ್ಲಿ ನಿಲ್ಲುವ ಕಾಯಿಲೆಗಳಲ್ಲ. ರಕ್ತದಲ್ಲಿ ಸಕ್ಕರೆ ಏರಿಕೊಂಡೇ ಇದ್ದರೆ ರೋಗಾಣು ಜೊತೆ ಹೋರಾಡುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಅದಕ್ಕೇ ಶುಗರ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಬಂದ ಮೇಲೂ ಕಫದಲ್ಲಿ ರೋಗಾಣು ಇಲ್ಲವಾಗಲು ಜಾಸ್ತಿ ದಿನ ಹಿಡಿಯಬಹುದು, ವಾಸಿಯಾದ ಮೇಲೆ ಮತ್ತೆ ಬರಬಹುದು, ಸಾವಿನ ಅಪಾಯವೂ ಹೆಚ್ಚು. ಅಂದರೆ ಶುಗರ್ ಬಿಟ್ಟು ಟಿಬಿ ಮುಗಿಸುತ್ತೇವೆ ಅಂತ ಹೊರಟರೆ ಟಿಬಿಯೇ ಸರಿಯಾಗಿ ಮುಗಿಯುವುದಿಲ್ಲ.

ಇನ್ನು ಶುಗರ್ ಯಾಕೆ ಏರಿತು? ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಟಿಬಿಯೇ. ಮೈಯಲ್ಲಿ ದೊಡ್ಡ ಸೋಂಕು ಇದ್ದಾಗ ಸಕ್ಕರೆ ಏರುತ್ತದೆ. ಎಷ್ಟೋ ಜನರಿಗೆ ತಮಗೆ ಶುಗರ್ ಇದೆ ಅಂತ ಗೊತ್ತಾಗುವುದೇ ಟಿಬಿ ಪರೀಕ್ಷೆಗೆ ರಕ್ತ ಕೊಟ್ಟಾಗ. ಕೆಲವರಿಗೆ ಟಿಬಿ ಇಳಿದಂತೆ ಅದೂ ಇಳಿಯುತ್ತದೆ, ಅದಕ್ಕಾಗಿ ಕೆಲವು ತಿಂಗಳ ನಂತರ ಮತ್ತೆ ನೋಡಬೇಕಾಗುತ್ತದೆ. ನಿಮ್ಮವರದು ಎಂಟು ವರ್ಷದ ಶುಗರ್, ಹಾಗಾಗಿ ಆ ಆಸೆ ಬೇಡ.

ಎರಡನೆಯ ಕಾರಣ ರಿಫಾಂಪಿಸಿನ್. ಟಿಬಿಗೆ ಮೊದಲ ಎರಡು ತಿಂಗಳು ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬುಟಾಲ್. ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಇವೆಲ್ಲ ಒಂದೇ ಮಾತ್ರೆಯಲ್ಲಿ ಸೇರಿರುವುದರಿಂದ ಹೆಸರು ನಿಮಗೆ ಕಾಣದೇ ಇರಬಹುದು. ಇದರಲ್ಲಿ ರಿಫಾಂಪಿಸಿನ್ ಬಹಳ ಒಳ್ಳೆಯ ಔಷಧಿ, ಅದಿಲ್ಲದೆ ಆರು ತಿಂಗಳಲ್ಲಿ ಟಿಬಿ ಮುಗಿಸುವುದು ಕಷ್ಟ. ಆದರೆ ಅದಕ್ಕೊಂದು ಗುಣ ಇದೆ. ಬೇರೆ ಔಷಧಿಗಳನ್ನು ಕರಗಿಸಿ ಹೊರಗೆ ಹಾಕುವ ಲಿವರಿನ ಕೆಲಸವನ್ನು ಅದು ಜೋರು ಮಾಡಿಬಿಡುತ್ತದೆ. ಚೀಟಿಯಲ್ಲಿ ಗ್ಲಿಮೆಪಿರೈಡ್ ಅಂತ ಬರೆದಿದೆ ನೋಡಿ, ಆ ಜಾತಿಯ ಶುಗರ್ ಮಾತ್ರೆಗಳ ಬಲ ರಿಫಾಂಪಿಸಿನ್ ಜೊತೆಗೆ ಕುಗ್ಗುತ್ತದೆ. ಮೆಟ್‌ಫಾರ್ಮಿನ್ ಅನ್ನುವ ಇನ್ನೊಂದು ಶುಗರ್ ಮಾತ್ರೆಗೆ ಅಷ್ಟು ತೊಂದರೆ ಇಲ್ಲ. ಬಿಪಿಗೆ ಬರೆದಿರುವ ಆಮ್ಲೋಡಿಪಿನ್ ಕೂಡ ಕುಗ್ಗುತ್ತದೆ, ಆದ್ದರಿಂದ ಬಿಪಿಯನ್ನೂ ನೋಡಿಸಿ. ಯಜಮಾನರು ಮಾತ್ರೆ ತಪ್ಪಿಸಿಲ್ಲ ಅನ್ನುವುದು ನಿಜವೇ ಇರಬೇಕು, ಸುಮ್ನೆ ಅವರನ್ನು ಬೈಯಬೇಡಿ. ನುಂಗಿದ ಮಾತ್ರೆ ಮೊದಲಿನಷ್ಟು ಹೊತ್ತು ಮೈಯಲ್ಲಿ ನಿಲ್ಲುತ್ತಿಲ್ಲ, ಅಷ್ಟೇ.

ಇಂಥ ಸಮಯದಲ್ಲಿ ಡಾಕ್ಟರು ಶುಗರ್ ಮಾತ್ರೆ ಬದಲಾಯಿಸಬಹುದು, ಡೋಸ್ ಏರಿಸಬಹುದು, ಅಥವಾ ಸ್ವಲ್ಪ ಕಾಲ ಇನ್ಸುಲಿನ್ ಕೊಡಬಹುದು. ಇನ್ಸುಲಿನ್ ಅಂದರೆ ನಮ್ಮ ಕಡೆ ಎಲ್ಲ ಮುಗಿಯಿತು ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಹಾಗೇನಿಲ್ಲ. ಅದಕ್ಕೆ ಲಿವರಿನ ಈ ಜಗಳ ತಟ್ಟುವುದಿಲ್ಲ, ಅದಕ್ಕೇ ಕೊಡುವುದು. ಎಷ್ಟೋ ಜನ ಆಮೇಲೆ ಮತ್ತೆ ಮಾತ್ರೆಗೆ ಬರುತ್ತಾರೆ.

ಆದರೆ ಇದನ್ನೆಲ್ಲ ಡಾಕ್ಟರು ಮಾಡಬೇಕಾದರೆ ಅವರಿಗೆ ಪೂರ್ತಿ ವಿಷಯ ಗೊತ್ತಿರಬೇಕಲ್ವಾ? ನನ್ನ ತಕರಾರು ಇರುವುದು ಇಲ್ಲೇ. ಟಿಬಿ ಮಾತ್ರೆ ಒಂದು ಕೋಣೆಯಲ್ಲಿ, ಶುಗರ್ ಬಿಪಿ ಇನ್ನೊಂದು ಕೋಣೆಯಲ್ಲಿ, ಅದೂ ಸಾಲದೆ ಪೇಟೆಯ ಖಾಸಗಿ ಕ್ಲಿನಿಕ್ಕಿನ ಚೀಟಿ ಬೇರೆ. ಟಿಬಿ ಬಂದವರೆಲ್ಲರಿಗೂ ಶುಗರ್ ನೋಡಬೇಕು, ಶುಗರ್ ಇದ್ದವರಿಗೆ ಟಿಬಿ ಲಕ್ಷಣ ಕೇಳಬೇಕು, ಎರಡೂ ಕಡೆಯವರು ಕೂಡಿ ಕೆಲಸ ಮಾಡಬೇಕು ಅಂತ ಕೇಂದ್ರ ಸರ್ಕಾರ 2017ರಲ್ಲೇ ಮಾರ್ಗಸೂಚಿ ತಂದಿದೆ. ಕಾಗದದಲ್ಲಿ ಇರುವುದು ಕಾರಿಡಾರಿನಲ್ಲಿ ನಡೆಯುವವರೆಗೆ ಕಾಯುತ್ತಾ ಕೂರಲು ಆಗುವುದಿಲ್ಲ. ಹಾಗಾಗಿ ನೀವೇ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಶುಗರ್ ಬಿಪಿಯದ್ದು, ಟಿಬಿಯದ್ದು, ಗ್ಯಾಸಿನದ್ದು, ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು, ಯಾರೋ ಕೊಟ್ಟ ಬೇರಿನ ಪುಡಿ, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ತೆಗೆದುಕೊಂಡು ಹೋಗಿ ಒಬ್ಬ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಆದರೆ ಸರಿ, ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆಸಿಕೊಂಡು ಹೋಗಿ. 'ಟಿಬಿ ಮಾತ್ರೆ ಶುರುವಾದ ಮೇಲೆ ಶುಗರ್ ಏರಿದೆ, ರಿಫಾಂಪಿಸಿನ್‌ನಿಂದ ಇರಬಹುದಾ?' ಅಂತ ನೇರವಾಗಿ ಕೇಳಿ. ಹಾಗೆ ಕೇಳುವುದು ಅಧಿಕಪ್ರಸಂಗ ಅಲ್ಲ.

ಅದೇ ಸಲ ಇನ್ನೂ ಕೆಲವು ಕೇಳಿಕೊಂಡು ಬನ್ನಿ. ಐಸೋನಿಯಾಜಿಡ್‌ನಿಂದ ಕಾಲು ಜುಮುಗುಟ್ಟಬಹುದು, ಶುಗರಿನಿಂದಲೂ ಜುಮುಗುಟ್ಟುತ್ತದೆ, ಎರಡೂ ಸೇರಿದರೆ ಪಾದಕ್ಕೆ ಸ್ಪರ್ಶವೇ ತಿಳಿಯದಂತಾಗಬಹುದು. ಇದನ್ನು ತಡೆಯಲು ವಿಟಮಿನ್ ಬಿ6 ಮಾತ್ರೆ ಕೊಡುತ್ತಾರೆ, ನಿಮ್ಮವರ ಚೀಟಿಯಲ್ಲಿ ಅದು ನನಗೆ ಕಾಣಲಿಲ್ಲ, ವಿಚಾರಿಸಿ. ತೋಟಕ್ಕೆ ಬರಿಗಾಲಲ್ಲಿ ಹೋಗುವುದು ಬೇಡ. ಉಂಬಳ (ಜಿಗಣೆ) ಕಚ್ಚಿದ್ದು ಯಾರಿಗೂ ಗೊತ್ತಾಗುವುದಿಲ್ಲ ಬಿಡಿ, ಮುಳ್ಳು ಚುಚ್ಚಿದ್ದೂ ಗೊತ್ತಾಗದಿದ್ದರೆ ಅದು ಬೇರೆ ಕಥೆ. ಇಥಾಂಬುಟಾಲ್ ಅಪರೂಪಕ್ಕೆ ಕಣ್ಣಿಗೆ ತೊಂದರೆ ಕೊಡುತ್ತದೆ. ದೃಷ್ಟಿ ಮಂಜಾದರೆ, ಕೆಂಪು ಹಸಿರು ಸರಿಯಾಗಿ ಕಾಣದಿದ್ದರೆ, 'ಶುಗರ್ ಇದೆಯಲ್ಲ, ಅದಕ್ಕೇ' ಅಂತ ಸುಮ್ಮನಾಗಬೇಡಿ. ಕಿಡ್ನಿಗೆ ಕ್ರಿಯಾಟಿನಿನ್ ಪರೀಕ್ಷೆ ಆಗಿದೆಯಾ ನೋಡಿ, ಕಿಡ್ನಿ ಸೋತಿದ್ದರೆ ಕೆಲವು ಟಿಬಿ ಔಷಧಿಗಳನ್ನು ಕೊಡುವ ಲೆಕ್ಕವೇ ಬೇರೆ.

ಲಿವರ್ ವಿಷಯದಲ್ಲಿ ಪಕ್ಕದ ಮನೆಯವರ ಭಯ ಪೂರ್ತಿ ಸುಳ್ಳಲ್ಲ. ಆದರೆ ತೊಂದರೆ ಮಾತ್ರೆಗಳ ಸಂಖ್ಯೆಯಿಂದ ಅಲ್ಲ. ಟಿಬಿಯ ನಾಲ್ಕು ಔಷಧಿಗಳಲ್ಲಿ ಮೂರಕ್ಕೆ ಲಿವರಿಗೆ ಪೆಟ್ಟು ಕೊಡುವ ಗುಣ ಇದೆ, ಕುಡಿಯುವವರಿಗೆ ಅಪಾಯ ಜಾಸ್ತಿ. ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದರೆ ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ. ಊಟವೇ ಸೇರದೆ ವಾಂತಿಯಾಗುತ್ತಿದ್ದರೆ, ಕಣ್ಣು ಹಳದಿಯಾದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೋಗಿ. ಕುಡಿತ, ಬೀಡಿ, ತಂಬಾಕಿನ ಕವಳ ಇವುಗಳ ಬಗ್ಗೆ ನೀವು ಏನೂ ಬರೆದಿಲ್ಲ. ಇದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

ಈಗ ಊಟ. ನಿಮ್ಮ ಪತ್ರದಲ್ಲಿ ನನಗೆ ಬಹಳ ನಿಜ ಅನಿಸಿದ ಸಾಲು ಇದು, ಒಬ್ಬರು ತಿನ್ನಿ ಅನ್ನುತ್ತಾರೆ ಇನ್ನೊಬ್ಬರು ಬಾಯಿ ಕಟ್ಟಿ ಅನ್ನುತ್ತಾರೆ. ಇಬ್ಬರೂ ಸರಿ, ಇಬ್ಬರೂ ಅರ್ಧ ಹೇಳಿದ್ದಾರೆ. ಟಿಬಿಗೆ ತೂಕ ಏರಲೇಬೇಕು. ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳಿಗೆ ಮತ್ತು ಅವರ ಮನೆಯವರಿಗೆ ಪ್ರತಿ ತಿಂಗಳು ದಿನಸಿ ಕೊಟ್ಟು ನೋಡಿದ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ಬಹಳ ಕಡಿಮೆ ಇತ್ತು. ದಿನಸಿ ಹೆಚ್ಚಿಗೆ ಸಿಕ್ಕ ಮನೆಗಳಲ್ಲಿ ಉಳಿದವರಿಗೆ ಟಿಬಿ ಬರುವುದೂ ಸುಮಾರು 40 ಶೇಕಡಾ ಇಳಿಯಿತು. ಹಾಗಾಗಿ ಶುಗರ್ ಇದೆ ಅಂತ ಎರಡು ಚಪಾತಿ ಕೊಟ್ಟು ಮಲಗಿಸುವುದು ತಪ್ಪು.

ಆದರೆ ನಮ್ಮಲ್ಲಿ ಹುಷಾರಿಲ್ಲದವರಿಗೆ 'ಚೆನ್ನಾಗಿ ಕೊಡುವುದು' ಅಂದರೆ ಏನು? ಗಂಜಿ, ಬೆಲ್ಲ ಹಾಕಿದ ಕಷಾಯ, ಬೆಳಿಗ್ಗೆ ದೋಸೆಗೆ ಜೋನಿಬೆಲ್ಲ, ನೋಡಲು ಬಂದವರು ತಂದ ಬ್ರೆಡ್ಡು ಬಾಳೆಹಣ್ಣು. ಎಲ್ಲವೂ ಸಕ್ಕರೆಯ ಕಡೆಯವೇ. ಇವರಿಗೆ ಬೇಕಿರುವುದು ಕಾಳು, ಮೊಟ್ಟೆ, ಮೀನು, ಮೊಸರು, ಶೇಂಗಾ. ಅನ್ನ ಬಿಡಬೇಕಿಲ್ಲ, ಅಳತೆ ಕಡಿಮೆ ಮಾಡಿ. ಅದರ ಮೇಲೆ ಬರೀ ಹುರುಳಿ ಕಟ್ಟಿನ ಸಾರು ಸುರಿದು ಕೈ ತೊಳೆದುಕೊಳ್ಳಬೇಡಿ, ಬೆಂದ ಹುರುಳಿಯನ್ನೂ ಪಲ್ಯ ಮಾಡಿ ಬಡಿಸಿ. ಒಂದೇ ಸಲ ಹೊಟ್ಟೆ ತುಂಬ ಬೇಡ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ. ಕಷಾಯಕ್ಕೆ ಬೆಲ್ಲ ಬೇಡ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಕಿಡ್ನಿ ತೊಂದರೆ ಇದೆ ಅಂತ ಪರೀಕ್ಷೆಯಲ್ಲಿ ಬಂದರೆ ಮಾತ್ರ ಈ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ ಬದಲಾಯಿಸಿಕೊಳ್ಳಿ. ಟಿಬಿ ರೋಗಿಗಳ ಊಟದ ಖರ್ಚಿಗೆ ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ ಮೊದಲು 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಚಿಕಿತ್ಸೆ ನಡೆಯುವಷ್ಟು ಕಾಲ ಅದು ಬ್ಯಾಂಕ್ ಖಾತೆಗೆ ಬರಬೇಕು. ಬಂದಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಟಿಬಿ ಸಹಾಯವಾಣಿ 1800116666ಕ್ಕೆ ಫೋನ್ ಮಾಡಿ, ಕರೆ ಉಚಿತ.

ಎಚ್‌ಐವಿ ಪರೀಕ್ಷೆಗೆ ಬೇಜಾರು ಯಾಕೆ? ಟಿಬಿ ಅಂತ ಬಂದವರೆಲ್ಲರಿಗೂ ಅದನ್ನು ಮಾಡಿಸಲು ಹೇಳುತ್ತಾರೆ, ಪೂಜೆ ಮಾಡಿಸುವ ಭಟ್ಟರಿಗೂ, ಶಾಲೆ ಮೇಷ್ಟರಿಗೂ. ಅದು ನಡತೆಯ ಮೇಲಿನ ಅನುಮಾನ ಅಲ್ಲ. ಎಚ್‌ಐವಿ ಇದ್ದರೆ ಟಿಬಿ ಬೇಗ ಮೇಲೇಳುತ್ತದೆ, ಆಗ ಎರಡೂ ಔಷಧಿ ಜೊತೆಗೇ ಬೇಕು, ಅದಕ್ಕೇ ಮೊದಲೇ ತಿಳಿದುಕೊಳ್ಳುತ್ತಾರೆ. ಯಜಮಾನರಿಗೆ ಇದನ್ನು ಓದಿ ಹೇಳಿ.

ತಟ್ಟೆ ಲೋಟ ಬೇರೆ ಇಡಬೇಕಾ ಅಂತ ಪತ್ರದ ಕೊನೆಗೆ ಚಿಕ್ಕ ಅಕ್ಷರದಲ್ಲಿ ಕೇಳಿದ್ದೀರಿ. ಬೇಕಿಲ್ಲ. ಟಿಬಿ ಗಾಳಿಯಲ್ಲಿ ಹರಡುತ್ತದೆ, ತಟ್ಟೆಯಲ್ಲಲ್ಲ. ಕಿಟಕಿ ತೆಗೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ, ಮನೆಯವರೆಲ್ಲ ಒಮ್ಮೆ ತಪಾಸಣೆ ಮಾಡಿಸಿ. ನಿಮ್ಮ ಅತ್ತೆಗೂ ಶುಗರ್ ಇದೆ ಅಂತ ಬರೆದಿದ್ದೀರಲ್ಲ, ಮೊದಲು ಅವರನ್ನು ಕರೆದುಕೊಂಡು ಹೋಗಿ. ಎರಡು ತಿಂಗಳು ತುಂಬಿದಾಗ ಯಜಮಾನರ ಕಫ ಪರೀಕ್ಷೆ ಮತ್ತೆ ಆಗಬೇಕು, ಶುಗರ್ ಇರುವವರಲ್ಲಿ ಅದನ್ನು ತಪ್ಪಿಸಲೇಬಾರದು.

ಇನ್ನೊಂದು ವಿಷಯ, ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಆರು ತಿಂಗಳಾಗಿ ಟಿಬಿ ಮಾತ್ರೆ ನಿಂತ ಮೇಲೆ ರಿಫಾಂಪಿಸಿನ್ ಪ್ರಭಾವ ಸುಮಾರು ಎರಡು ವಾರದಲ್ಲಿ ಇಳಿದುಹೋಗುತ್ತದೆ. ಆಗ ಶುಗರ್ ಮಾತ್ರೆ ಮತ್ತೆ ಪೂರ್ತಿ ಬಲದಲ್ಲಿ ಕೆಲಸ ಮಾಡುತ್ತದೆ. ಈಗ ಏರಿಸಿದ ಡೋಸ್ ಹಾಗೇ ಮುಂದುವರಿದರೆ ಸಕ್ಕರೆ ತೀರಾ ಕೆಳಗೆ ಇಳಿದು ಬೆವರು, ನಡುಕ ಬಂದು ತೋಟದಲ್ಲೇ ಬೀಳಬಹುದು. ಟಿಬಿ ಮಾತ್ರೆ ಮುಗಿಯುವ ವಾರವೇ ಶುಗರ್ ಡಾಕ್ಟರ ಹತ್ತಿರ ಹೋಗಿ ಡೋಸ್ ನೋಡಿಸಿ, ಬಿಪಿ ಮಾತ್ರೆಯದ್ದೂ.